ಉಳದೆ ಉದ್ದು ಬಿತ್ತುವ ಪಾಠ: ಬ್ರಹ್ಮಾವರ ಸಮೀಪದ ಎರಡು ದಿನಗಳ ತರಬೇತಿ

ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿದ ಮೇಲೆ ನವೆಂಬರಿನಲ್ಲಿ, ಸಣ್ಣ ಹಿಡುವಳಿದಾರರಿಗೆಂದು ನಡೆದ ಸಂರಕ್ಷಣಾ ಕೃಷಿ ತರಬೇತಿಗೆ 300 ರೂಪಾಯಿ ಕಟ್ಟಿ ಹೋಗಿದ್ದೆ. ನನಗಿರುವುದು 60 ಸೆಂಟ್ಸ್ ಮಜಲು ಗದ್ದೆ, ಅಂದರೆ ತಗ್ಗೂ ಅಲ್ಲದ ಎತ್ತರವೂ ಅಲ್ಲದ ಮಧ್ಯದ ಗದ್ದೆ. ಮಧ್ಯಾಹ್ನದ ಊಟವೂ ಆ ಶುಲ್ಕದಲ್ಲೇ ಸೇರಿತ್ತು. ಊಟದ ಬಗ್ಗೆ ದೂರಿಲ್ಲ.

ಮೊದಲ ದಿನದ ಬೆಳಗು ಮಾತ್ರ ವ್ಯರ್ಥವಾಯಿತು. ಮಣ್ಣನ್ನು ಆದಷ್ಟು ಕಡಿಮೆ ಕದಡುವುದು, ನೆಲದ ಕನಿಷ್ಠ ಶೇ. 30 ಭಾಗವನ್ನು ಸದಾ ಹೊದಿಕೆಯಡಿ ಇಡುವುದು, ಬೆಳೆ ಬದಲಿಸುವುದು ಎಂಬ ಮೂರು ಸೂತ್ರಗಳನ್ನು ಹೇಳಿ ಮುಗಿಸಬಹುದಿತ್ತು. ಅದರ ಬದಲು, ಪಂಜಾಬಿನಲ್ಲಿ ಭತ್ತದ ಕೂಳೆಯ ನಡುವೆ ಹ್ಯಾಪಿ ಸೀಡರ್ ಯಂತ್ರದಿಂದ ಗೋಧಿ ಬಿತ್ತುವ ವಿಡಿಯೊವನ್ನು, ಹುಣಿಯ (ಗದ್ದೆಯ ಬದುವಿನ) ಮೇಲೆ ನಡೆದೇ ಗದ್ದೆ ತಲುಪಬೇಕಾದ ನಮಗೆ ಒಂದು ಗಂಟೆ ತೋರಿಸಿದರು.

ಮಧ್ಯಾಹ್ನ ತರಬೇತುದಾರರು ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿಸಿ, ವರ್ಷವೂ ಟಿಲ್ಲರ್ ಹೊಡೆಯುವ ಗದ್ದೆಯ ಹೆಂಟೆಯೊಂದನ್ನೂ, ಸೊಪ್ಪು ಮುಚ್ಚಿದ ಅಡಿಕೆ ತೋಟದ ಹೆಂಟೆಯೊಂದನ್ನೂ ಇಳಿಸಿದರು. ಗದ್ದೆಯದ್ದು ನೋಡನೋಡುತ್ತಲೇ ಕರಗಿ ನೀರನ್ನು ಕೆಂಪಾಗಿಸಿತು. ತೋಟದ್ದು ಗುಳ್ಳೆ ಬಿಡುತ್ತಾ ಹಾಗೆಯೇ ಕುಳಿತಿತ್ತು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಉಡುಪಿ ಜಿಲ್ಲೆಯಲ್ಲಿ ಮೇಲ್ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಬೇರೆ ವಿವರಿಸಬೇಕಾಗಲಿಲ್ಲ.

ಅಷ್ಟರಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು, "ಹುಲ್ಲೆಲ್ಲ ಗದ್ದೆಗೇ ಹಾಕಿದರೆ ದನಕ್ಕೆ ಎಂತ ಹಾಕುವುದು ಮಾರಾಯ್ರೆ?" ಎಂದರು. ಇಡೀ ತರಬೇತಿಯ ಅತಿ ಮುಖ್ಯ ಪ್ರಶ್ನೆ ಅದೇ. ಬೈಹುಲ್ಲನ್ನು ದನಕ್ಕೇ ಕೊಡಿ, ಕೊಯ್ಯುವಾಗ ಮೊಣಕೈ ಉದ್ದದ ಕೂಳೆ ಉಳಿಸಿ, ಕೊರತೆಗೆ ತೋಟದ ತರಗೆಲೆ ಹಾಸಿ ಎಂಬುದು ತರಬೇತುದಾರರ ಉತ್ತರ. ಏಣೆಲಿಗೆ ಕೆಸರುಳುಮೆ ಬಿಟ್ಟರೆ ನೀರೂ ನಿಲ್ಲದು, ಕಳೆಯೂ ಹತೋಟಿಗೆ ಬಾರದು, ಆದ್ದರಿಂದ ಸದ್ಯಕ್ಕೆ ಎರಡನೇ ಬೆಳೆಯಲ್ಲಷ್ಟೇ ಉಳುಮೆ ಬಿಟ್ಟು ನೋಡಿ ಎಂದು ಅವರೇ ಒಪ್ಪಿಕೊಂಡದ್ದರಿಂದ ನನಗೆ ನಂಬಿಕೆ ಹುಟ್ಟಿತು.

ಎರಡನೇ ದಿನ ಗದ್ದೆಯಲ್ಲೇ ಕಲಿಕೆ. ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ಸೂಕ್ಷ್ಮಾಣು) ಕಲಸಿ ಉದ್ದಿನ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಕೂಳೆಯ ಸಾಲುಗಳ ನಡುವೆ 30 ಸೆಂ.ಮೀ. ಅಂತರದಲ್ಲಿ ಗೂಟದಿಂದ ಕುಳಿ ಮಾಡಿ ಊರಿದೆವು. ತೇವ ಆರುವ ಮೊದಲೇ, ಅಂದರೆ ಕೊಯ್ಲಾದ ವಾರದೊಳಗೇ ಬಿತ್ತಬೇಕೆಂಬ ಮಾತನ್ನು ಮೂರು ಬಾರಿ ಹೇಳಿದರು. ತರಬೇತಿಯನ್ನೇ ಎರಡು ವಾರ ಮೊದಲು ಇಟ್ಟಿದ್ದರೆ ಆ ಮಾತಿಗೆ ಇನ್ನಷ್ಟು ಬೆಲೆ ಬರುತ್ತಿತ್ತು.

ಹದಿನೈದು ದಿನಗಳಲ್ಲಿ ಗದ್ದೆ ನೋಡಲು ಬರುತ್ತೇವೆಂದವರು ಬರಲಿಲ್ಲ. ಕೊಟ್ಟ ಸಂಖ್ಯೆಗೆ ಕರೆ ಮಾಡಿದರೆ ಎತ್ತುವವರಿಲ್ಲ. ನಾನು 20 ಸೆಂಟ್ಸ್‌ನಲ್ಲಿ ಉಳದೆ, ಉಳಿದದ್ದರಲ್ಲಿ ಎಂದಿನಂತೆ ಉತ್ತು ಉದ್ದು ಹಾಕಿದ್ದೇನೆ. ಉಳದ ಭಾಗಕ್ಕೆ ಟಿಲ್ಲರ್ ಬಾಡಿಗೆ ಉಳಿಯಿತು, ಗಿಡವೂ ಹಸಿರಾಗಿದೆ. ಆದರೆ ಅಂಚಿನ ಎರಡು ಸಾಲುಗಳನ್ನು ಮೊಳಕೆಯಲ್ಲೇ ನವಿಲುಗಳು ಹೆಕ್ಕಿ ತಿಂದವು, ಮತ್ತು ಅವರು ಕೊಟ್ಟ ಕೈಪಿಡಿಯಲ್ಲಿ ನವಿಲಿನ ಪ್ರಸ್ತಾಪವೇ ಇಲ್ಲ.