ಹಾಸ್ಟೆಲ್‌ಗೆ ಫೈರ್ ಟ್ರೇನಿಂಗ್ ಮಾಡಿಸಿದೆವು, ಐದಕ್ಕೆ ಮೂರೂವರೆ ಸ್ಟಾರ್

ನಾನು ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲ್ ವಾರ್ಡನ್. ಮೂರು ಮಹಡಿ, ಹತ್ತಿರ ಹತ್ತಿರ 140 ಹುಡುಗಿಯರು. ಗೋಡೆಗೆ ನೇತುಹಾಕಿರುವ, ಬೆಂಕಿ ಆರಿಸುವ ಕೆಂಪು ಸಿಲಿಂಡರ್‌ಗಳನ್ನು ವರ್ಷಕ್ಕೊಮ್ಮೆ ನೋಡಿಕೊಂಡು ಹೋಗುವ ಕಂಪನಿಯವರು, ಈ ಸಲ ರೀಫಿಲ್ ಜೊತೆಗೆ ಒಂದು ದಿನದ ಟ್ರೇನಿಂಗನ್ನೂ ಕೊಡುತ್ತೇವೆ, ಬೇರೆ ದುಡ್ಡು ಬೇಡ ಅಂದರು. ಪುಕ್ಕಟೆ ಅಂದ ಮೇಲೆ ಯಾರು ಬಿಡುತ್ತಾರೆ! ಕಂಪನಿಯ ಹೆಸರು ಹಾಕುವುದಿಲ್ಲ, ಇದರಲ್ಲಿ ಬೈಗುಳವೂ ಇದೆ. ಬೇರೆ ವಾರ್ಡನ್‌ಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ ಅಷ್ಟೆ.

ಮೊದಲು ಬೈಗುಳ. ಹತ್ತು ಗಂಟೆಗೆ ಬರುತ್ತೇವೆ ಅಂದವರು ಬಂದದ್ದು ಹನ್ನೊಂದೂವರೆಗೆ. ಆಮೇಲೆ ಮುಕ್ಕಾಲು ಗಂಟೆ ಬರೀ ಇಂಗ್ಲಿಷ್ ಸ್ಲೈಡುಗಳು. ಹುಡುಗಿಯರು ಹೇಗೋ ತಡೆದುಕೊಂಡರು, ನಮ್ಮ ಮೆಸ್ಸಿನ ಅಡಿಗೆಯವರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ದಿನಾ ಬೆಂಕಿ ಮುಂದೆ ನಿಲ್ಲುವವರು ಅವರೇ ಅಲ್ವಾ? ನಾನೇ ಎದ್ದು, ಸರ್ ಕನ್ನಡದಲ್ಲಿ ಹೇಳಿ ಅಂದೆ. ಆಶ್ಚರ್ಯ ಅಂದರೆ, ಸ್ಲೈಡ್ ಬಿಟ್ಟು ಕನ್ನಡಕ್ಕೆ ಬಂದ ಕೂಡಲೇ ಅದೇ ಮನುಷ್ಯ ಎಷ್ಟು ಚೆನ್ನಾಗಿ ಹೇಳಿದರು!

ಅಂಗಳದಲ್ಲಿ ಒಂದು ಬಾಣಲೆಗೆ ಡೀಸೆಲ್ ಹಾಕಿ ಬೆಂಕಿ ಹಚ್ಚಿದರು. ಸಿಲಿಂಡರಿನ ಪಿನ್ ಕೀಳಬೇಕು, ಗಾಳಿ ಬೆನ್ನ ಹಿಂದೆ ಇರಬೇಕು, ಜ್ವಾಲೆಗೆ ಹೊಡೆಯಬಾರದು, ಬುಡಕ್ಕೆ ಹೊಡೆಯಬೇಕು. ನನಗೆ ಹೊಸದಾಗಿ ತಿಳಿದದ್ದು ಏನೆಂದರೆ, 4 ಕೆಜಿಯ ಪುಡಿ ಸಿಲಿಂಡರ್ ಒತ್ತಿ ಹಿಡಿದರೆ ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿ. ನಾನು ಇಷ್ಟು ವರ್ಷ ಐದು ನಿಮಿಷವಾದರೂ ಬರುತ್ತೆ ಅಂದುಕೊಂಡಿದ್ದೆ. ಕಸದ ಬುಟ್ಟಿಗೆ ಹತ್ತಿದ ಬೆಂಕಿಗೆ ಸಾಕು, ರೂಮಿಗೇ ಹತ್ತಿದ್ದಕ್ಕೆ ಸಾಲದು, ಆಗ ಬಾಗಿಲು ಎಳೆದುಕೊಂಡು ಓಡಿ ಅಂದರು. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಬೇಕಂತೆ. ಕರೆಂಟ್ ಪ್ಯಾನೆಲ್ ಪಕ್ಕ ಇಡುವ ಸಿಒ2 (ಇಂಗಾಲದ ಡೈಆಕ್ಸೈಡ್) ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ಅದನ್ನು ತೂಕ ಹಾಕಿಯೇ ನೋಡಬೇಕು. ಬೇಜಾರು ಏನೆಂದರೆ, ಕೈಯಲ್ಲಿ ಹಿಡಿದು ಹೊಡೆಯುವ ಅವಕಾಶ ಸಿಕ್ಕಿದ್ದು ಆರು ಹುಡುಗಿಯರಿಗೆ ಮಾತ್ರ. ಉಳಿದವರು ವಿಡಿಯೋ ಮಾಡಿಕೊಂಡರು.

ಮೆಸ್ಸಿನಲ್ಲಿ ಮಾಡಿದ್ದಕ್ಕೆ ಪೂರ್ತಿ ಮಾರ್ಕ್ಸ್. ಅಡಿಗೆ ಗ್ಯಾಸ್ ಸಿಲಿಂಡರಿನ ಬಾಯಿಗೆ ಹತ್ತಿದ ಬೆಂಕಿಯನ್ನು ಒದ್ದೆ ಗೋಣಿಚೀಲ ಹೊದಿಸಿ ಆರಿಸಿ ತೋರಿಸಿದರು, ತೂಕಡಿಸುತ್ತಿದ್ದವರೆಲ್ಲ ಮುಂದೆ ಬಂದು ನಿಂತರು. ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡಿರುತ್ತೆ. ವಾಸನೆ ಬಂದರೆ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಬೇಕು. ಆ ನಂಬರ್ ಈಗ ಮೆಸ್ಸಿನ ಹೊರಗಡೆ ಗೋಡೆ ಮೇಲಿದೆ.

ಪ್ರಥಮ ಚಿಕಿತ್ಸೆ ಮಾತ್ರ ಸುಮ್ನೆ ಶಾಸ್ತ್ರಕ್ಕೆ. ಹೃದಯ ನಿಂತವರ ಎದೆ ಒತ್ತುವ ಸಿಪಿಆರ್ ಅನ್ನು ದಿಂಬಿನ ಮೇಲೆ ತೋರಿಸಿದರು! ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು ಅನ್ನುವುದು ಸರಿ, ಆದರೆ ಎದೆ ಎಷ್ಟು ಗಟ್ಟಿ ಇರುತ್ತೆ ಅನ್ನುವುದು ದಿಂಬಿನಿಂದ ಹೇಗೆ ಗೊತ್ತಾಗಬೇಕು? ಸುಟ್ಟರೆ ಟೂತ್‌ಪೇಸ್ಟ್ ಹಚ್ಚಬೇಡಿ, 20 ನಿಮಿಷ ನಲ್ಲಿ ನೀರು ಬಿಡಿ ಅಂದದ್ದು, ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ ಅಂದದ್ದು ಉಪಯೋಗದ ಮಾತು. ಬೀಗದ ಕೈ ಹುಡುಕಿಕೊಂಡು ನಾನೇ ಒಮ್ಮೆ ಓಡಿದ್ದೆ, ಅದಕ್ಕೆ ತಲೆ ತಗ್ಗಿಸಿ ಕೂತಿದ್ದೆ.

ಆದರೆ ಮೂರೂವರೆ ಸ್ಟಾರ್ ಕೊಡುತ್ತಿರುವುದು ಸಂಜೆಯ ಡ್ರಿಲ್‌ಗೆ, ಅಂದರೆ ಬೆಂಕಿ ಬಿದ್ದರೆ ಹೊರಗೆ ಬರುವ ಅಭ್ಯಾಸಕ್ಕೆ. ಏಳು ಗಂಟೆಗೆ ಮೇನ್ ಆಫ್ ಮಾಡಿ ಗಂಟೆ ಬಾರಿಸಿದರು. ಎಲ್ಲರೂ ಮುಂದಿನ ಮೆಟ್ಟಿಲಿಗೇ ನುಗ್ಗಿದರು. ಹಿಂದಿನ ಮೆಟ್ಟಿಲಿನ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ. ಬೀಗದ ಕೈ ವಾಚ್‌ಮನ್ ಜೇಬಿನಲ್ಲಿ. ವಾಚ್‌ಮನ್ ಟೀ ಅಂಗಡಿಯಲ್ಲಿ. ಹುಡುಗಿಯರು ಕೆಳಗೆ ಬರುವ ಹೊತ್ತಿಗೆ ಹನ್ನೊಂದು ನಿಮಿಷ ಆಗಿತ್ತು. ಹಾಜರಿ ತೆಗೆಯೋಣ ಅಂದರೆ ರಿಜಿಸ್ಟರ್ ನನ್ನ ರೂಮಿನಲ್ಲೇ ಉಳಿದಿತ್ತು. ಒಬ್ಬಳಂತೂ ಇಯರ್‌ಫೋನ್ ಹಾಕಿಕೊಂಡು ಮೂರನೇ ಮಹಡಿಯಲ್ಲಿ ಮಲಗಿಯೇ ಇದ್ದಳು, ಅವಳಿಗೆ ಲೈಟ್ ಹೋದದ್ದೂ ಗೊತ್ತಿಲ್ಲ!

ಆ ಟ್ರೇನರ್ ಬೈಯಲಿಲ್ಲ. ಗೇಟಿನ ಬೀಗ ಹಿಡಿದುಕೊಂಡು, ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಥೆ ಹೇಳಿದರು. 2010ರ ಫೆಬ್ರವರಿ 23, ಕಟ್ಟಡಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು, ಕೆಲವರು ಹೊಗೆ ತಡೆಯಲಾರದೆ ಮೇಲಿನಿಂದ ಜಿಗಿದರು, ತಪ್ಪಿಸಿಕೊಳ್ಳುವ ದಾರಿಗೆ ಬೀಗ ಹಾಕಿತ್ತು. ಗಲಾಟೆ ಮಾಡುತ್ತಿದ್ದ ಹುಡುಗಿಯರೆಲ್ಲ ಸುಮ್ಮನಾದರು. ಹಿಂದಿನ ಗೇಟು ತೆಗೆಸಿ ಎರಡನೇ ಸಲ ಮಾಡಿದಾಗ ನಾಲ್ಕೇ ನಿಮಿಷ.

ಆಮೇಲೆ ಅವರೇ ತುರ್ತು ಸಹಾಯದ ನಂಬರ್ 112ರ ಆಪರೇಟರ್ ಆಗಿ, ನಮ್ಮ ಹುಡುಗಿಯೊಬ್ಬಳಿಗೆ ಫೋನ್ ಮಾಡಿದ ಹಾಗೆ ನಟಿಸು ಅಂದರು. "ಸರ್, ಲೇಡೀಸ್ ಹಾಸ್ಟೆಲ್‌ನಲ್ಲಿ ಬೆಂಕಿ ಬಿದ್ದಿದೆ, ಬೇಗ ಬನ್ನಿ." "ಯಾವ ಲೇಡೀಸ್ ಹಾಸ್ಟೆಲಮ್ಮ? ಯಾವ ರಸ್ತೆ? ಗಾಡಿ ಯಾವ ಗೇಟಿನಿಂದ ಬರಬೇಕು?" ಪಾಪ, ಅವಳು ನನ್ನ ಮುಖ ನೋಡಿದಳು. ನಾನು ಆ ಟ್ರೇನರ್ ಮುಖ ನೋಡಿದೆ. ಕಾಂಪೌಂಡಿನ ಮುಂದಿನ ಗೇಟಿನ ಕಮಾನು ಎಷ್ಟು ಎತ್ತರ ಇದೆ, ಫೈರ್ ಎಂಜಿನ್ ಹಿಡಿಸುತ್ತಾ ಅಂತ ನಾವು ಯಾವತ್ತೂ ನೋಡಿಲ್ಲ. ಮರುದಿನ ಟೇಪ್ ಹಿಡಿದು ಅಳೆಸಿ ಫೈರ್ ಸ್ಟೇಷನ್ನಿನಲ್ಲಿ ವಿಚಾರಿಸಿದೆ, ಹಿಡಿಸುವುದಿಲ್ಲ. ಕಾಂಪೌಂಡಿನ ಹಿಂದಿನ ಗೇಟಿನಿಂದಲೇ ಬರಬೇಕು, ಅಲ್ಲಿ ನೋಡಿದರೆ ಸ್ಟಾಫ್ ಬೈಕುಗಳು.

ಬೈಕ್ ತೆಗೆಸಿದ್ದೇವೆ. ಹಿಂದಿನ ಮೆಟ್ಟಿಲಿನ ಗೇಟಿನ ಬೀಗದ ಕೈ ಈಗ ಆ ಗೇಟಿನ ಒಳಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿದೆ. ಹುಡುಗಿಯರು ರಾತ್ರಿ ಹೊರಗೆ ಹೋದರೆ ಏನು ಮಾಡುತ್ತೀರಿ ಮೇಡಂ ಅಂತ ಆಫೀಸಿನವರು ಇನ್ನೂ ಕೇಳುತ್ತಿದ್ದಾರೆ. ಗಾಜು ಒಡೆದರೆ ಗೊತ್ತಾಗುತ್ತೆ ಸರ್ ಅಂತ ನಾನೂ ಅದನ್ನೇ ಹೇಳುತ್ತಿದ್ದೇನೆ.

ನೀವು ಇಂಥವರನ್ನು ಕರೆಸುವುದಾದರೆ ಮೂರು ಮಾತು ಫೋನಿನಲ್ಲೇ ಗಟ್ಟಿ ಮಾಡಿಕೊಳ್ಳಿ. ಕನ್ನಡದಲ್ಲಿ ಹೇಳಬೇಕು, ಸಿಪಿಆರ್‌ಗೆ ಗೊಂಬೆ ತರಬೇಕು, ಕತ್ತಲಾದ ಮೇಲಿನ ಡ್ರಿಲ್ ಇರಲೇಬೇಕು. ನಮ್ಮ ರಾತ್ರಿ ಪಾಳಿಯ ವಾಚ್‌ಮನ್ ಅಂದು ರಜೆಯಲ್ಲಿದ್ದ, ಅವನಿಗೆ ಇದ್ಯಾವುದೂ ಗೊತ್ತಿಲ್ಲ. ಮುಂದಿನ ತಿಂಗಳು ಇನ್ನೊಮ್ಮೆ ಕರೆಸುತ್ತಿದ್ದೇನೆ. ಈ ಸಲ ದುಡ್ಡು ಕೇಳಿದ್ದಾರೆ, ಕೊಡುತ್ತೇನೆ.