ಬೈಪಾಸ್‌ಗೆ ಎದೆಯ ರಕ್ತನಾಳ: ಪಟ್ಟಿಯಾಗಿ ತೆಗೆಯಬೇಕೇ, ಬಿಡಿಯಾಗಿಯೇ?

ಬೈಪಾಸ್ ಅಂದ್ರೆ ಕಾಲಿನ ನರ ತೆಗೀತಾರೆ ಅಂತಲೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಆದರೆ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಸಾಮಾನ್ಯವಾಗಿ ಜೋಡಿಸುವುದು ಎದೆಮೂಳೆಯ ಹಿಂದೆ ಎಡಗಡೆ ಇಳಿಯುವ ಮ್ಯಾಮರಿ ಆರ್ಟರಿಯನ್ನು. ಇದು ಕಾಲಿನ ನಾಳಕ್ಕಿಂತ ಜಾಸ್ತಿ ವರ್ಷ ಬಾಳುತ್ತದೆ. ಅದನ್ನು ಬಿಡಿಸುವ ದಾರಿ ಎರಡು.

ಪೆಡಿಕಲ್ಡ್ ವಿಧಾನದಲ್ಲಿ ಸುತ್ತಲಿನ ಕೊಬ್ಬು, ಸ್ನಾಯು, ಪಕ್ಕದ ಸಿರೆ ಎಲ್ಲವನ್ನೂ ಸೇರಿಸಿ ಪಟ್ಟಿಯಾಗಿ ಎತ್ತುತ್ತಾರೆ. ಕೆಲಸ ಬೇಗ ಆಗುತ್ತದೆ, ನಾಳಕ್ಕೆ ಪೆಟ್ಟಾಗುವ ಭಯವೂ ಕಡಿಮೆ.

ಸ್ಕೆಲಿಟನೈಸ್ಡ್ ವಿಧಾನದಲ್ಲಿ ನಾಳವನ್ನಷ್ಟೇ ಬಿಡಿಸುತ್ತಾರೆ. ಒಂದೊಂದೇ ಸಣ್ಣ ಕವಲಿಗೆ ಕ್ಲಿಪ್ ಹಾಕಿ ಕತ್ತರಿಸುತ್ತಾ ಹೋಗಬೇಕು. ಸಮಯ ಹಿಡಿಯುತ್ತದೆ, ಕೈ ಪಳಗಿರಬೇಕು. ಆದರೆ ನಾಳ ಇನ್ನಷ್ಟು ಉದ್ದ ಸಿಗುತ್ತದೆ. ಎದೆಮೂಳೆಗೆ ಹೋಗುವ ರಕ್ತವೂ ಅಷ್ಟಾಗಿ ತಪ್ಪುವುದಿಲ್ಲ, ಹಾಗಾಗಿ ಗಾಯ ಕೀವಾಗುವ ಅಪಾಯ ತಗ್ಗುತ್ತದೆ. ಶುಗರ್ ಇರುವವರಿಗೆ, ಅದರಲ್ಲೂ ಎದೆಯ ಎಡ-ಬಲ ಎರಡೂ ಕಡೆಯ ಮ್ಯಾಮರಿ ನಾಳ ಬಳಸುವಾಗ, ಇದು ಸಣ್ಣ ಲಾಭವಲ್ಲ.

ಹಾಗಾದ್ರೆ ಇದೇ ಒಳ್ಳೇದು ಅಲ್ವಾ? ಅಷ್ಟು ಸುಲಭವಿಲ್ಲ. ಕಂಪಾಸ್ (COMPASS) ಎಂಬ ದೊಡ್ಡ ಔಷಧ ಅಧ್ಯಯನದಲ್ಲಿದ್ದ ಬೈಪಾಸ್ ರೋಗಿಗಳ ಮಾಹಿತಿ ಇಟ್ಟುಕೊಂಡು 2021ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ಒಂದು ವರ್ಷದ ಹೊತ್ತಿಗೆ ಬಿಡಿಯಾಗಿ ತೆಗೆದ ನಾಳಗಳಲ್ಲಿ ಶೇ. 9.6 ಮುಚ್ಚಿಹೋಗಿದ್ದವು, ಪಟ್ಟಿಯಾಗಿ ತೆಗೆದವುಗಳಲ್ಲಿ ಶೇ. 3.9. ಯಾರಿಗೆ ಯಾವ ವಿಧಾನ ಅಂತ ಚೀಟಿ ಎತ್ತಿ ನಿರ್ಧರಿಸಿದ ಹೋಲಿಕೆ ಅದಲ್ಲ, ಆದರೂ ಸುಮ್ನೆ ತಳ್ಳಿಹಾಕುವ ಅಂಕಿಯೂ ಅಲ್ಲ.

ನನ್ನ ಲೆಕ್ಕದಲ್ಲಿ, ಶುಗರ್ ಇಲ್ಲದೆ ಎಡಗಡೆಯ ನಾಳ ಒಂದೇ ಸಾಕೆಂದರೆ ಪಟ್ಟಿ ವಿಧಾನಕ್ಕೆ ಹಿಂಜರಿಯಬೇಕಿಲ್ಲ. ಶುಗರ್ ಇದ್ದು ಎರಡೂ ನಾಳ ಬೇಕಾದರೆ, ಬಿಡಿ ವಿಧಾನದಲ್ಲಿ ಪಳಗಿದ ಸರ್ಜನ್‌ರನ್ನೇ ಹುಡುಕಿ. "ನೀವು ದಿನವೂ ಮಾಡೋದು ಯಾವುದು?" ಅಂತ ನೇರವಾಗಿ ಕೇಳಿ.