ಇಲಿ ಔಷಧಿ ಇಡಲು ಬಂದವರ ಹತ್ತಿರ ಮೊದಲು ಪ್ಯಾಕೆಟ್ ಕೇಳಿ

ಮನೆಗೆ ಇಲಿ ಔಷಧಿ ಇಡಲು ಯಾರಾದರೂ ಬಂದರೆ, ಒಳಗೆ ಕರೆಯುವ ಮೊದಲು ಒಂದೇ ಮಾತು ಕೇಳಿ: ನೀವು ಇಡುವ ವಿಷದ ಹೆಸರೇನು, ಪ್ಯಾಕೆಟ್ ಎಲ್ಲಿ? ತೋರಿಸಲಿಲ್ಲ ಅಂದರೆ ಹಾಗೇ ವಾಪಸ್ ಕಳಿಸಿ. ಮನೆಯಲ್ಲಿ ಮಕ್ಕಳು, ನಾಯಿ, ಬೆಕ್ಕು ಇದ್ದವರಂತೂ ದಯವಿಟ್ಟು ಇದನ್ನು ಪೂರ್ತಿ ಓದಿ.

ನಾವಿರುವುದು ಮಂಡ್ಯದ ಅಂಚಿನ ಹೊಸ ಬಡಾವಣೆಯಲ್ಲಿ, ಬಾಡಿಗೆ ಮನೆ. ಹಿಂದಿನ ಕಾಂಪೌಂಡ್ ದಾಟಿದರೆ ಗದ್ದೆ. ಭತ್ತದ ಕುಯ್ಲು ಮುಗಿದ ಮೇಲೆ ಇಲಿಗಳಿಗೆ ಅಲ್ಲಿ ಕಾಳೂ ಇಲ್ಲ, ಮರೆಯೂ ಇಲ್ಲ. ಸೀದಾ ಮನೆಗಳಿಗೆ ನುಗ್ಗುತ್ತವೆ. ರಾಗಿ ಚೀಲ ಕಚ್ಚಿ ತೂತು ಮಾಡಿದವು, ಫ್ರಿಡ್ಜಿನ ಹಿಂದಿನ ವೈರ್ ಕಡಿದವು. ಓನರ್‌ಗೆ ಹೇಳಿದ್ದಕ್ಕೆ ಅವರು ತಮಗೆ ಗೊತ್ತಿದ್ದ ಒಬ್ಬರನ್ನು ಕಳಿಸಿದರು.

ಆತ ಬಿಳಿ ಪ್ಲಾಸ್ಟಿಕ್ ಕವರಿನಲ್ಲಿ ನೀಲಿ ಬಿಲ್ಲೆಗಳನ್ನು ತಂದಿದ್ದ. ಕವರ್ ಮೇಲೆ ಒಂದಕ್ಷರವೂ ಇರಲಿಲ್ಲ. "ಏನಪ್ಪಾ ಇದು?" ಅಂತ ನಮ್ಮತ್ತೆ ಕೇಳಿದರು. "ಯೋಚ್ನೆ ಮಾಡ್ಬೇಡಿ ಅಜ್ಜಿ, ಹರ್ಬಲ್ ಇದು. ಮಕ್ಳಿಗೂ ಏನಾಗಲ್ಲ, ನಾಯಿಗೂ ಏನಾಗಲ್ಲ. ಇಲಿ ತಿಂದು ನೀರು ಹುಡುಕ್ಕೊಂಡು ಆಚೆ ಹೋಗಿ ಸಾಯ್ತವೆ" ಅಂದ. ಹೆಸರು ಕೇಳಿದರೂ ಅದೇ ಹರ್ಬಲ್ ಮಾತು. ಸಿಂಕಿನ ಕೆಳಗೆ, ಸಜ್ಜೆ ಮೇಲೆ, ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಬಿಲ್ಲೆ ಹಾಕಿದ. ಯಾವುದಕ್ಕೂ ಡಬ್ಬಿ ಇಲ್ಲ, ಎಲ್ಲಾ ಹಾಗೇ ಬಯಲಲ್ಲೇ. ಒಳಗಿದ್ದವನ್ನು ಮಗು ಮುಟ್ಟೀತು ಅಂತ ನಾವು ಅವತ್ತೇ ತೆಗೆಸಿದೆವು. ಹಿತ್ತಲಲ್ಲಿ ಎಷ್ಟು ಇಟ್ಟಿದ್ದಾನೆ, ಎಲ್ಲಿಟ್ಟಿದ್ದಾನೆ ಅನ್ನುವುದನ್ನು ಆತ ಸರಿಯಾಗಿ ಹೇಳಿಯೇ ಇರಲಿಲ್ಲ.

ಕೆಲವು ದಿನ ಏನೂ ಇಲ್ಲ. ಆಮೇಲೆ ನಮ್ಮ ನಾಯಿ ಕರಿಯ ಊಟ ಬಿಟ್ಟ. ಮೂಲೆ ಸೇರಿ ಮಲಗಿದವನು ಏಳಲೇ ಇಲ್ಲ. ಬೆಳಿಗ್ಗೆ ನೋಡಿದರೆ ಮೂಗಿನಿಂದ ರಕ್ತ. ತುಟಿ ಎತ್ತಿದರೆ ಒಸಡು ಬಿಳುಚಿಕೊಂಡಿತ್ತು. ಎತ್ತಿಕೊಂಡು ಪಶು ವೈದ್ಯರ ಹತ್ತಿರ ಓಡಿದೆವು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಯಾವ ವಿಷ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಔಷಧಿ ಇಟ್ಟವನಿಗೆ ಫೋನ್ ಮಾಡಿದೆವು. ಆಗಲೂ ಆತ ಹೆಸರು ಹೇಳಲಿಲ್ಲ. ನಾಯಿ ಸಾಯುತ್ತಾ ಬಿದ್ದಿದೆ ಅಂದರೂ "ಅದರಿಂದ ಆಗಿರಲ್ಲ ಬಿಡಿ" ಅಂತ ಫೋನ್ ಇಟ್ಟ. ನನಗೆ ಇವತ್ತಿಗೂ ತಡೆಯಲಾಗದಷ್ಟು ಸಿಟ್ಟು ಬರುವುದು ಆ ಮಾತಿಗೆ.

ಹೆಸರು ಯಾಕೆ ಅಷ್ಟು ಮುಖ್ಯ ಅಂದರೆ, ಇಲಿ ವಿಷ ಎಲ್ಲಾ ಒಂದೇ ಅಲ್ಲ. ಬ್ರೋಮಾಡಯಲೋನ್ ಅನ್ನುವುದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ತಿಂದ ತಕ್ಷಣ ಏನೂ ಕಾಣುವುದಿಲ್ಲ, ದಿನಗಳು ಕಳೆದ ಮೇಲೆ ಒಳಗೇ ರಕ್ತ ಸೋರುತ್ತದೆ. ಅದಕ್ಕೆ ವಿಟಮಿನ್ ಕೆ1 ಮದ್ದು ಇದೆ. ಗದ್ದೆಗೆ ಹಾಕುವ ಜಿಂಕ್ ಫಾಸ್ಫೈಡ್ ಕಪ್ಪು ಪುಡಿ ಬೇರೆ. ಅದು ಹೊಟ್ಟೆಯ ಆಮ್ಲಕ್ಕೆ ಸೇರಿದರೆ ಫಾಸ್ಫೀನ್ ಅನ್ನುವ ವಿಷಗಾಳಿಯಾಗುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ನಮ್ಮ ಡಾಕ್ಟರ್ ರಕ್ತಸ್ರಾವ ನೋಡಿ ಅಂದಾಜಿನ ಮೇಲೆ ಕೆ1 ಕೊಟ್ಟರು. ವಾರಗಟ್ಟಲೆ ಮಾತ್ರೆ ನುಂಗಿಸಿದೆವು. ಕರಿಯ ಉಳಿದ. ಅಂದಾಜು ತಪ್ಪಿದ್ದರೆ ಉಳಿಯುತ್ತಿರಲಿಲ್ಲ.

"ಆಚೆ ಹೋಗಿ ಸಾಯುತ್ತವೆ" ಅನ್ನುವುದೂ ಸುಳ್ಳು. ಯಾವ ವಿಷವೂ ಇಲಿಗೆ ಬಾಗಿಲು ತೋರಿಸುವುದಿಲ್ಲ. ಸಜ್ಜೆಯ ಹಿಂದೆ ಒಂದು ಸತ್ತು, ಅಡುಗೆಮನೆಯಲ್ಲಿ ನಿಲ್ಲಲಾಗದಂಥ ನಾತ ಹಬ್ಬಿತ್ತು. ಹೊರಗೆ ಸತ್ತರೂ ತೊಂದರೆ ತಪ್ಪಲ್ಲ. ಅದನ್ನು ತಿಂದ ಬೆಕ್ಕು, ಗೂಬೆಗಳಿಗೂ ವಿಷ ಏರುತ್ತದೆ. ಗದ್ದೆಯ ಇಲಿ ಹಿಡಿದು ಬದುಕುವ ಗೂಬೆಯನ್ನೇ ಕೊಂದರೆ ಮುಂದಿನ ವರ್ಷ ಇಲಿ ಇನ್ನೂ ಜಾಸ್ತಿಯಾಗುತ್ತವೆ, ಅಲ್ವಾ?

ಇಲಿ ವಿಷಗಳೂ 1968ರ ಕೀಟನಾಶಕ ಕಾಯ್ದೆಯೊಳಗೇ ಬರುತ್ತವೆ. ಪ್ಯಾಕೆಟ್ ಮೇಲೆ ವಿಷದ ಹೆಸರು, ಅದರ ಪ್ರಮಾಣ, ಪ್ರತಿವಿಷದ ವಿವರ ಇರಲೇಬೇಕು. ಎಷ್ಟು ಅಪಾಯ ಅನ್ನುವುದಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ ಚೌಕದ ಗುರುತೂ ಇರುತ್ತದೆ. ಕೆಂಪು ಅಂದರೆ ಅತಿ ಹೆಚ್ಚು ವಿಷ. ಬಿಡಿಯಾಗಿ ಕಟ್ಟಿ ಮಾರುವ ಹಾಗಿಲ್ಲ. ಮನೆಮನೆಗೆ ಹೋಗಿ ಈ ಕೆಲಸ ಮಾಡುವವರಿಗೆ ಲೈಸೆನ್ಸ್ ಬೇಕು. ಕೇಳಿ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಕೃಷಿ ಇಲಾಖೆಗೆ ದೂರು ಕೊಡಬಹುದು.

ಇನ್ನೊಂದು, ಇದು ಮನುಷ್ಯರ ಜೀವದ ವಿಷಯ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ (ಯೆಲ್ಲೋ ಫಾಸ್ಫರಸ್) ಇಲಿ ಪೇಸ್ಟ್ ಮನೆಯೊಳಗೆ ತರಲೇಬೇಡಿ. ಬ್ರೆಡ್ಡಿಗೋ ಟೊಮೆಟೊಗೋ ಸವರಿ ಇಡುತ್ತಾರೆ, ಮಕ್ಕಳ ಕೈಗೆ ಸಿಗುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ. ಮೊದಲು ವಾಂತಿಯಾಗಿ, ಆಮೇಲೆ ಒಂದೆರಡು ದಿನ ಸರಿಹೋದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಲಿವರ್ ಕೆಡುತ್ತಿರುತ್ತದೆ. ಯಾರಾದರೂ ಬಾಯಿಗಿಟ್ಟರೆ ಹಾಲು, ಎಣ್ಣೆ ಕುಡಿಸುತ್ತಾ ಕೂರಬೇಡಿ, ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಆ ಟ್ಯೂಬ್ ಸಮೇತ ದೊಡ್ಡಾಸ್ಪತ್ರೆಗೆ ಹೋಗಿ. ಚೆನ್ನಾಗಿದ್ದಾರೆ ಅಂತ ಮನೆಗೆ ಕರೆದುಕೊಂಡು ಬರಬೇಡಿ.

ನಮ್ಮ ಮನೆಯಲ್ಲಿ ಇಲಿ ನಿಂತದ್ದು ವಿಷದಿಂದಲ್ಲ, ತೂತು ಮುಚ್ಚಿದ್ದರಿಂದ. ಸುಂಡಿಲಿಗೆ ಆರು ಮಿಲಿಮೀಟರ್ ಸಂದು, ಅಂದರೆ ಪೆನ್ಸಿಲ್ ದಪ್ಪದ ತೂತು ಸಾಕು. ಸಿಂಕಿನ ಪೈಪ್ ಗೋಡೆಯೊಳಗೆ ಹೋಗುವ ಜಾಗ, ಗ್ಯಾಸ್ ಪೈಪಿನ ತೂತು, ಹಿತ್ತಲ ಬಾಗಿಲಿನ ಅಡಿ, ಬಚ್ಚಲಿನ ಮೋರಿ ಇವೇ ದಾರಿ. ಬಟ್ಟೆ, ಥರ್ಮಾಕೋಲ್ ತುರುಕಿದರೆ ಕಚ್ಚಿ ಹಾಕುತ್ತವೆ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಒತ್ತಿ ತುಂಬಿ, ಮೇಲೆ ಸಿಮೆಂಟ್ ಬಳಿಸಿ. ಬಾಗಿಲಿನ ಅಡಿಗೆ ತಗಡಿನ ಪಟ್ಟಿ, ಮೋರಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ. ಚಾವಣಿಗೆ ತಾಗುವ ಕೊಂಬೆ ಕಡಿಸಿ.

ಒಳಗೇ ಉಳಿದವಕ್ಕೆ ಬೋನು ಸಾಕು. ಇಲಿ ಗೋಡೆ ಅಂಚಿನಲ್ಲೇ ಓಡುವುದು, ಅದಕ್ಕೇ ಬೋನನ್ನು ಗೋಡೆಗೆ ಒತ್ತಿಸಿ ಇಡಿ. ಕೊಬ್ಬರಿ ಚೂರು ಸಿಕ್ಕಿಸಿದರೆ ಬೀಳುತ್ತವೆ. ಅಂಟಿನ ಹಲಗೆ ಬೇಡ, ಇಲಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ, ಹಲ್ಲಿ ಅಳಿಲುಗಳೂ ಅಂಟಿಕೊಳ್ಳುತ್ತವೆ. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ. ಬ್ಲೀಚಿಂಗ್ ನೀರು ಹಾಕಿ ನೆನೆಸಿ, ಕೈಗೆ ಗ್ಲೌಸ್ ಹಾಕಿ ಒರೆಸಿ. ಇಲಿ ಜ್ವರ ಹರಡುವುದು ಅವುಗಳ ಉಚ್ಚೆಯಿಂದ.

ಈ ಕೆಲಸವನ್ನು ಕುಯ್ಲಿಗೆ ಮೊದಲೇ ಮುಗಿಸಿ. ಹೆಣ್ಣಿಲಿ ಮೂರೇ ವಾರಕ್ಕೆ ಮರಿ ಹಾಕುತ್ತದೆ, ಒಂದು ಒಳಗೆ ಬಂದರೂ ತಡವಾಯಿತು ಅಂತಲೇ. ಬಾಡಿಗೆಗೆ ಇರುವವರು ಓನರ್ ಹತ್ತಿರ ಔಷಧಿಯವರನ್ನು ಕಳಿಸಿ ಅಂತ ಕೇಳಬೇಡಿ. ಗಾರೆ ಕೆಲಸದವರನ್ನು ಕಳಿಸಿ ಅಂತ ಕೇಳಿ.